ನಾಯಿ ಮೈಯಲ್ಲಿ ಗಂಟು ಸಿಕ್ಕಿತಾ? ಮೊದಲು ಇಷ್ಟು ಮಾಡಿ

ಮಲೆನಾಡಿನ ಮನೆಗಳಲ್ಲಿ ನಾಯಿ ಮೈಮೇಲಿನ ಗಂಟು ಕೈಗೆ ಸಿಗುವುದು ಹೆಚ್ಚಾಗಿ ಉಣುಗು ಹೆಕ್ಕುವಾಗ. ಸಂಜೆ ಜಗಲಿ ಮೇಲೆ ಕೂತು ಕಿವಿ ಹಿಂದೆ, ಕುತ್ತಿಗೆಯಲ್ಲಿ, ಕಾಲಿನ ಸಂದಿಯಲ್ಲಿ ಬೆರಳಾಡಿಸುತ್ತಿರುತ್ತೀರಿ. ಏನೋ ಗಟ್ಟಿಯಾಗಿ ತಾಗುತ್ತದೆ. ಕೂದಲು ಸರಿಸಿ ನೋಡಿದರೆ ಉಣುಗೂ ಅಲ್ಲ, ಗಾಯವೂ ಅಲ್ಲ. ಅಲ್ಲಿಂದ ಮನೆಯಲ್ಲಿ ಎರಡು ಪಕ್ಷ. ಒಬ್ಬರು ಕ್ಯಾನ್ಸರ್ ಅಂತಲೇ ತೀರ್ಮಾನ ಮಾಡಿ ರಾತ್ರಿ ನಿದ್ದೆ ಬಿಡುತ್ತಾರೆ. ಇನ್ನೊಬ್ಬರು "ಏನೂ ಆಗಲ್ಲ ಬಿಡು, ಮಳೆಗಾಲ ಮುಗೀಲಿ, ಆಮೇಲೆ ನೋಡೋಣ" ಅನ್ನುತ್ತಾರೆ.

ಇಬ್ಬರದ್ದೂ ಊಹೆಯೇ. ಮುಟ್ಟಿ ನೋಡಿ "ಇದು ಇಂಥದ್ದೇ ಗಂಟು" ಅಂತ ಖಚಿತವಾಗಿ ಹೇಳುವುದು ಅನುಭವಿ ಪಶುವೈದ್ಯರಿಗೂ ಆಗುವುದಿಲ್ಲ. ಮೆತ್ತಗಿದೆ, ಜಾರುತ್ತದೆ, ನೋವಿಲ್ಲ, ಹಾಗಾಗಿ ಒಳ್ಳೆಯದೇ ಇರಬೇಕು ಅನ್ನುವ ಲೆಕ್ಕ ಎಷ್ಟೋ ಸಲ ತಪ್ಪಾಗುತ್ತದೆ. ಒಳಗಿನ ಜೀವಕೋಶ ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಮಾತು. ಅಲ್ಲಿಯವರೆಗೆ ನಾವು ಮನೆಯಲ್ಲಿ ಮಾಡಬೇಕಾದ ಕೆಲಸ ಒಂದಿಷ್ಟಿದೆ, ಮಾಡಬಾರದ ಕೆಲಸ ಅದಕ್ಕಿಂತ ಜಾಸ್ತಿ ಇದೆ.

ಮೊದಲ ಹೆಜ್ಜೆ: ಅದು ನಿಜಕ್ಕೂ ಗಂಟಾ?

ಗಂಡು ನಾಯಿಗೂ ಮೊಲೆತೊಟ್ಟು ಇರುತ್ತದೆ. ಹೊಟ್ಟೆಯ ಎರಡೂ ಬದಿ ಸಾಲಾಗಿ, ಸಾಮಾನ್ಯವಾಗಿ 8ರಿಂದ 10. ಇದು ಗೊತ್ತಿಲ್ಲದೆ ಉಣುಗು ಅಂತ ಚಿಮಟ ಹಾಕಿ ಎಳೆದು ರಕ್ತ ಬರಿಸಿದವರು ಕಡಿಮೆಯಿಲ್ಲ. ಎದೆಗೂಡು ಮುಗಿದು ಹೊಟ್ಟೆ ಶುರುವಾಗುವ ಕಡೆ, ನಡುಮಧ್ಯದಲ್ಲಿ ಒಂದು ಎಲುಬಿನ ತುದಿ ಕೈಗೆ ಸಿಗುತ್ತದೆ. ಬಡಕಲು ನಾಯಿಯಲ್ಲಿ ಅದು ಚೆನ್ನಾಗಿಯೇ ಎದ್ದು ಕಾಣುತ್ತದೆ. ಅದೂ ಗಂಟಲ್ಲ. ಗಂಡು ನಾಯಿ ಉದ್ರೇಕಗೊಂಡಾಗ ಶಿಶ್ನದ ಬುಡದಲ್ಲಿ ಎರಡೂ ಬದಿ ಉಬ್ಬು ಬರುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ಅನುಮಾನ ಬಂದಾಗ ಮಾಡಬೇಕಾದದ್ದು ಸುಲಭ. ಮೈಯ ಇನ್ನೊಂದು ಬದಿಯಲ್ಲಿ ಅದೇ ಜಾಗ ಮುಟ್ಟಿ ನೋಡಿ. ಅಲ್ಲೂ ಅಷ್ಟೇ ಇದ್ದರೆ ಹೆಚ್ಚಾಗಿ ಅದು ಹುಟ್ಟಿನಿಂದ ಬಂದ ಅಂಗವೇ. ಈ ಮಾತಿಗೆ ಒಂದು ದೊಡ್ಡ ಅಪವಾದವಿದೆ, ಮುಂದೆ ಬರುತ್ತದೆ.

ಇನ್ನು ಉಣುಗು. ರಕ್ತ ಕುಡಿದು ಊದಿದ ಉಣುಗು ಬೂದು ಬಣ್ಣಕ್ಕೆ ತಿರುಗಿ, ನುಣುಪಾಗಿ, ಥೇಟ್ ಸಣ್ಣ ಗಂಟಿನಂತೆಯೇ ಇರುತ್ತದೆ. ಮೊಬೈಲ್ ಟಾರ್ಚ್ ಹಾಕಿ ಬುಡ ನೋಡಿ. ಚರ್ಮಕ್ಕೆ ಕಚ್ಚಿಕೊಂಡ ಕಡೆ ಪುಟ್ಟ ಕಾಲುಗಳು ಕಂಡರೆ ಮುಗಿಯಿತು. ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಿರಿ. ಸೀಮೆಎಣ್ಣೆ, ಪೆಟ್ರೋಲ್, ಬೆಂಕಿಕಡ್ಡಿ ಬೇಡ. ಉಗುರಿನಿಂದ ಕುಟ್ಟುವುದಂತೂ ಬೇಡವೇ ಬೇಡ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಮನುಷ್ಯರಿಗೆ ಬರುವುದು ಕಾಡಿನ ಉಣುಗಿನಿಂದ. ಕಾಡು ಸುತ್ತಿ ಬಂದ ನಾಯಿ ಅದೇ ಉಣುಗನ್ನು ಮನೆಗೆ ಹೊತ್ತು ತರಬಹುದು. ಕೈಗವಸು ಹಾಕಿಕೊಳ್ಳಿ, ಕಿತ್ತ ಉಣುಗನ್ನು ಸ್ಪಿರಿಟ್‌ನಲ್ಲಿ ಹಾಕಿ. ಕಿತ್ತ ಜಾಗದಲ್ಲಿ ಸಣ್ಣ ಗಟ್ಟಿ ಗುಳ್ಳೆ ಒಂದೆರಡು ವಾರ ಉಳಿದರೆ ಗಾಬರಿ ಬೇಡ. ದಿನದಿಂದ ದಿನಕ್ಕೆ ಚಿಕ್ಕದಾಗುತ್ತಿರಬೇಕು, ಅಷ್ಟೇ.

ಲಸಿಕೆ ಹಾಕಿಸಿದ ಜಾಗದಲ್ಲೂ ಹೀಗೇ ಗಂಟು ಬರುತ್ತದೆ, ಕೆಲವು ವಾರದಲ್ಲಿ ಕರಗುತ್ತದೆ. ಲಸಿಕೆ ಪುಸ್ತಕ ತೆಗೆದು ತಾರೀಖು ನೋಡಿ.

ಎರಡನೆಯದು: ತೋಟ, ಕಾಡಿನ ಲೆಕ್ಕ

ನಮ್ಮ ಕಡೆ ನಾಯಿಗಳು ಕಟ್ಟಿ ಹಾಕಿದ ನಾಯಿಗಳಲ್ಲ. ಅಡಿಕೆ ತೋಟ, ಬ್ಯಾಣ, ಹಳ್ಳ ಎಲ್ಲ ಸುತ್ತಿಕೊಂಡು ಬರುತ್ತವೆ. ಹಾಗಾಗಿ ನಿನ್ನೆ ಇಲ್ಲದ ಗಂಟು ಇವತ್ತು ಇದೆ ಅಂದರೆ ಮೊದಲು ಕೇಳಬೇಕಾದ ಪ್ರಶ್ನೆ, ಈ ನಾಲ್ಕೈದು ದಿನ ಅದು ಎಲ್ಲಿಗೆ ಹೋಗಿತ್ತು?

ಬಿಸಿಯಾಗಿದೆ, ಮುಟ್ಟಿದರೆ ಗುರ್ ಅನ್ನುತ್ತದೆ, ಎರಡು ಮೂರು ದಿನದಲ್ಲಿ ಬೆಳೆದಿದೆ ಅಂದರೆ ಅದು ಕೀವು ತುಂಬಿದ ಬಾವು ಆಗಿರುವ ಸಾಧ್ಯತೆ ಜಾಸ್ತಿ. ಬೇರೆ ನಾಯಿ ಕಚ್ಚಿದ್ದು, ಮುಳ್ಳು ಚುಚ್ಚಿದ್ದು, ಬೇಲಿ ತಂತಿ ತರಚಿದ್ದು. ಮೇಲಿನ ತೂತು ಮುಚ್ಚಿಕೊಂಡಿರುತ್ತದೆ, ಒಳಗೆ ಕೀವು. ಮುಳ್ಳುಹಂದಿ ಹತ್ತಿರ ಹೋಗಿ ಬಂದ ನಾಯಿಯ ಮುಖದಲ್ಲಿ, ಎದೆಯಲ್ಲಿ ಮುಳ್ಳಿನ ತುಂಡು ಮುರಿದು ಒಳಗೇ ಉಳಿದು ವಾರಗಳ ಮೇಲೆ ಗಂಟಾಗಿ ಏಳುವುದೂ ಉಂಟು. ಕಂಡ ಮುಳ್ಳು ಕಿತ್ತಾಯಿತು ಅಂದರೆ ಎಲ್ಲ ಬಂತು ಅಂತ ಅರ್ಥವಲ್ಲ.

ಕಿವಿ ಹಾಲೆ ಇದ್ದಕ್ಕಿದ್ದಂತೆ ದಪ್ಪಗಾಗಿ ಮೆತ್ತಗೆ ಉಬ್ಬಿದ್ದರೆ ಒಳಗೆ ರಕ್ತ ಕಟ್ಟಿದೆ. ಕಿವಿ ತುರಿಸಿ ತಲೆ ಕೊಡವಿ ಕೊಡವಿ ಹೀಗಾಗುತ್ತದೆ. ಮಳೆಗಾಲದಲ್ಲಿ ಕಿವಿ ಸೋಂಕು ಜಾಸ್ತಿ, ಜೋತುಬಿದ್ದ ಕಿವಿಯ ಲ್ಯಾಬ್ರಡಾರ್‌ಗಳಿಗೆ ಇನ್ನೂ ಜಾಸ್ತಿ. ಕಿವಿಯೊಳಗಿನ ಸೋಂಕು ಗುಣವಾಗದೆ ಈ ಊತ ಮಾತ್ರ ಇಳಿಸಿದರೆ ಮತ್ತೆ ಬರುತ್ತದೆ.

ಯಾವಾಗ ಅವತ್ತೇ ಹೊರಡಬೇಕು?

ಮುಖ ಅಥವಾ ಕಾಲು ಕಣ್ಣೆದುರೇ ಊದುತ್ತಿದ್ದರೆ ಕಾಯಬೇಡಿ. ಕಡಜವೋ ಜೇನೋ ಇರಬಹುದು, ಕೊಳಕುಮಂಡಲವೂ ಇರಬಹುದು. ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ಹೀರುವುದು ಯಾವುದೂ ಬೇಡ. ಓಡಾಡಲು ಬಿಡದೆ ಎತ್ತಿಕೊಂಡು ಗಾಡಿ ಹತ್ತಿಸಿ, ದಾರಿಯಲ್ಲೇ ಡಾಕ್ಟರಿಗೆ ಫೋನ್ ಮಾಡಿ. ಹೊಟ್ಟೆ ತಮಟೆಯಂತೆ ಬಿಗಿದು, ವಾಂತಿ ಬಂದಂತಾಗಿ ಏನೂ ಬರದಿದ್ದರೆ ಅದು ಗಂಟಿನ ವಿಷಯವೇ ಅಲ್ಲ, ಹೊಟ್ಟೆ ಉಬ್ಬರಿಸಿ ತಿರುಚಿಕೊಂಡಿರಬಹುದು. ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಹೊಕ್ಕುಳಿನ ಹತ್ತಿರ ಅಥವಾ ತೊಡೆಸಂದಿಯಲ್ಲಿ ಮೊದಲಿನಿಂದ ಮೆತ್ತಗಿದ್ದ ಉಬ್ಬು ಗಟ್ಟಿಯಾಗಿ ನೋಯುತ್ತಿದ್ದರೆ ಅದು ಹರ್ನಿಯಾ, ಒಳಗೆ ಕರುಳು ಸಿಕ್ಕಿಹಾಕಿಕೊಂಡಿರಬಹುದು. ಗಂಟು ಒಡೆದು ರಕ್ತ ನಿಲ್ಲದಿದ್ದರೂ ಅವತ್ತೇ ಹೊರಡಿ.

ಈಗ ಆ ಅಪವಾದ. ದವಡೆಯ ಕೆಳಗೆ ಎರಡೂ ಬದಿ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ, ಹೀಗೆ ಎರಡೂ ಕಡೆ ಸಮನಾಗಿ, ನೋವಿಲ್ಲದೆ ಗಂಟುಗಳು ದಪ್ಪಗಾಗಿದ್ದರೆ ಅವು ದುಗ್ಧರಸ ಗ್ರಂಥಿಗಳು, ಅಂದರೆ ಲಿಂಫ್ ನೋಡ್‌ಗಳು. ಉಣುಗು ಜ್ವರದಲ್ಲೂ ಅವು ಊದುತ್ತವೆ, ಲಿಂಫೋಮಾ ಎಂಬ ಕ್ಯಾನ್ಸರಿನಲ್ಲೂ ಊದುತ್ತವೆ. ನಾಯಿ ಉಂಡುಕೊಂಡು ಆಡಿಕೊಂಡು ಇದ್ದರೂ ಇದಕ್ಕೆ ಒಂದು ತಿಂಗಳು ಕಾಯುವ ಹಾಗಿಲ್ಲ. ಆ ವಾರದೊಳಗೇ ತೋರಿಸಿ.

ಇದ್ಯಾವುದೂ ಅಲ್ಲದಿದ್ದರೆ: ಬರೆದಿಡಿ

ಸುಮ್ಮನೆ ನೆನಪಿನ ಮೇಲೆ ಹೋದರೆ "ಒಂದೆರಡು ತಿಂಗಳಿಂದ ಇರಬೇಕು ಡಾಕ್ಟ್ರೇ, ಅಡಿಕೆಯಷ್ಟು ಇತ್ತು" ಅನ್ನುತ್ತೇವೆ. ಹಸಿ ಅಡಿಕೆಯಾ, ಚಾಲಿಯಾ, ಬೆಟ್ಟೆಯಾ? ಶಾಲೆ ಮಕ್ಕಳ ಸ್ಕೇಲ್ ತನ್ನಿ. ಗಂಟಿನ ಪಕ್ಕ ಇಟ್ಟು, ಕೂದಲು ಸರಿಸಿ ಹಿಡಿದು, ಹಗಲು ಬೆಳಕಿನಲ್ಲಿ ಒಂದು ಫೋಟೋ ತೆಗೆಯಿರಿ. ಉದ್ದ, ಅಗಲ ಸೆಂಟಿಮೀಟರ್‌ನಲ್ಲಿ ಬರೆಯಿರಿ. ಎಲ್ಲಿದೆ ಅಂತ ತಿಳಿಯಲು ದೂರದಿಂದ ಇಡೀ ನಾಯಿಯ ಇನ್ನೊಂದು ಫೋಟೋ. ಕ್ಯಾಲೆಂಡರಿನಲ್ಲಿ ತಾರೀಖು ಗುರುತು ಹಾಕಿ.

ಇಷ್ಟರ ಜೊತೆ ಗಮನಿಸಬೇಕಾದದ್ದು: ಚರ್ಮ ಹಿಡಿದು ಸರಿಸಿದರೆ ಗಂಟೂ ಸರಿಯುತ್ತದಾ, ಇಲ್ಲಾ ಒಳಗೆ ಅಂಟಿಕೊಂಡಿದೆಯಾ? ಮೇಲೆ ಕೂದಲು ಉದುರಿದೆಯಾ, ಕೆಂಪಾಗಿದೆಯಾ? ನಾಯಿ ಅದನ್ನೇ ನೆಕ್ಕುತ್ತದಾ? ಊಟ, ತೂಕ, ನೀರು ಕುಡಿಯುವುದು ಬದಲಾಗಿದೆಯಾ? ಒಂದು ದಿನ ದೊಡ್ಡದು, ಮರುದಿನ ಚಿಕ್ಕದು ಅಂತ ಆಗುತ್ತಿದೆಯಾ? ಈ ಕೊನೆಯ ಪ್ರಶ್ನೆ ಮುಖ್ಯ. ಹಾಗೆ ಹಿಗ್ಗಿ ಕುಗ್ಗುವುದು ಮಾಸ್ಟ್ ಸೆಲ್ ಗಡ್ಡೆಯ ಗುಣ. ಅದು ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವ ಚರ್ಮದ ಕ್ಯಾನ್ಸರ್. ಬಾಕ್ಸರ್, ಪಗ್, ಲ್ಯಾಬ್ರಡಾರ್ ತಳಿಗಳಲ್ಲಿ ಹೆಚ್ಚು. ಹಿಸುಕಿದರೆ ಅದರೊಳಗಿನ ಹಿಸ್ಟಮಿನ್ ಹೊರಬಂದು ಸುತ್ತಲೂ ಕೆಂಪಾಗಿ ಊದುತ್ತದೆ. ಆದ್ದರಿಂದ ಮನೆಗೆ ಬಂದ ನೆಂಟರಿಗೆಲ್ಲ "ಮುಟ್ಟಿ ನೋಡಿ" ಅಂತ ತೋರಿಸಬೇಡಿ.

ಪಶುವೈದ್ಯರು ಬಳಸುವ ಒಂದು ಸರಳ ಅಳತೆಗೋಲಿದೆ. ಗಂಟು 1 ಸೆಂಟಿಮೀಟರ್ ಆಗಿದ್ದರೆ, ಅಥವಾ 1 ತಿಂಗಳು ಕಳೆದರೂ ಹೋಗದಿದ್ದರೆ, ಸೂಜಿ ಪರೀಕ್ಷೆ (ಸೂಜಿಯಿಂದ ಗಂಟಿನ ಕೋಶ ತೆಗೆದು ಗಾಜಿನ ಸ್ಲೈಡ್ ಮೇಲೆ ಹರಡಿ ನೋಡುವುದು) ಮಾಡಿಸಿ. ಅದಕ್ಕಿಂತ ಚಿಕ್ಕದಿದ್ದು ಈಚೆಗೆ ಬಂದದ್ದಾದರೆ ವಾರಕ್ಕೊಮ್ಮೆ ಅಳೆದು ಬರೆಯುತ್ತಾ ಇರಬಹುದು. ಬೆಳೆಯುತ್ತಿದೆ ಅನ್ನಿಸಿದರೆ ತಿಂಗಳು ತುಂಬಲಿ ಅಂತ ಕಾಯುವುದು ಬೇಡ. ಹೆಣ್ಣು ನಾಯಿಯ ಮೊಲೆಸಾಲಿನ ಗಂಟಿಗೆ ಈ ಕಾಯುವಿಕೆಯೇ ಇಲ್ಲ, ಕಡಲೆಕಾಳಿನಷ್ಟು ಇದ್ದಾಗಲೇ ತೋರಿಸಿ.

ಮನೆಮದ್ದಿನ ವಿಷಯ

ಸುಣ್ಣ ಹಚ್ಚುವುದು, ಕೂದಲೆಳೆ ಕಟ್ಟಿ ಗಂಟು ಉದುರಿಸುವುದು, ಬಿಸಿ ಕಬ್ಬಿಣ ಮುಟ್ಟಿಸುವುದು, ಗೇರುಬೀಜದ ಸೊನೆ. ನಮ್ಮ ಕಡೆ ಸಲಹೆಗೆ ಬರವಿಲ್ಲ. ಇವುಗಳಿಂದ ಗಂಟು ಹೋಗುವುದಿಲ್ಲ, ಮೇಲಿನ ಚರ್ಮ ಕೆಟ್ಟು ಹುಣ್ಣಾಗುತ್ತದೆ. ಮಳೆಗಾಲದ ತೇವದಲ್ಲಿ ಆ ಹುಣ್ಣಿಗೆ ನೊಣ ಮೊಟ್ಟೆಯಿಟ್ಟು ಹುಳ ಬೀಳುತ್ತದೆ. ಅರಿಶಿನ ಹಚ್ಚಿದರೆ ದೊಡ್ಡ ಹಾನಿಯಿಲ್ಲ ನಿಜ, ಆದರೆ ಡಾಕ್ಟರಿಗೆ ಚರ್ಮದ ಬಣ್ಣ ಕಾಣುವುದಿಲ್ಲ.

ನೋವಿಗೆ ಅಂತ ಮನೆಯಲ್ಲಿರುವ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಮಾತ್ರೆ ಕೊಡಲೇಬೇಡಿ. ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ, ಕಿಡ್ನಿ ಕೆಡುತ್ತದೆ.

ಇನ್ನೊಂದು ವಿಷಯ ಅಷ್ಟಾಗಿ ಯಾರೂ ಹೇಳುವುದಿಲ್ಲ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. "ಊತ ಇಳಿಯೋಕೆ ಒಂದು ಇಂಜೆಕ್ಷನ್ ಕೊಟ್ಟುಬಿಡಿ" ಅಂತ ನಾವೇ ಕೇಳುತ್ತೇವೆ. ಹಾಗೆ ಕೊಡುವ ಇಂಜೆಕ್ಷನ್ ಬಹಳ ಸಲ ಸ್ಟೀರಾಯ್ಡ್ ಆಗಿರುತ್ತದೆ. ಲಿಂಫೋಮಾ, ಮಾಸ್ಟ್ ಸೆಲ್ ಗಡ್ಡೆ ಎರಡೂ ಸ್ಟೀರಾಯ್ಡ್‌ಗೆ ತಾತ್ಕಾಲಿಕವಾಗಿ ಕುಗ್ಗುತ್ತವೆ. ಮನೆಯವರಿಗೆ ಸಮಾಧಾನವಾಗುತ್ತದೆ. ಆಮೇಲೆ ಸೂಜಿ ಪರೀಕ್ಷೆ ಮಾಡಿದರೆ ಫಲಿತಾಂಶ ಸರಿಯಾಗಿ ಸಿಗುವುದಿಲ್ಲ. ಲಿಂಫೋಮಾದಲ್ಲಂತೂ ಮುಂದೆ ಕೊಡುವ ಕೀಮೋ ಔಷಧಿಗೂ ಅದು ಬಗ್ಗದೇ ಹೋಗಬಹುದು. ಮೊದಲು ಸ್ಲೈಡ್, ಆಮೇಲೆ ಸ್ಟೀರಾಯ್ಡ್. ಇದನ್ನು ಮರ್ಯಾದೆಯಿಂದಲೇ ಹೇಳಬಹುದು: "ಡಾಕ್ಟ್ರೇ, ಸೂಜಿ ಹಾಕಿ ಸ್ಲೈಡ್ ನೋಡಿ ಆಮೇಲೆ ಕೊಡೋಣ್ವಾ?"

ಸೂಜಿ ಪರೀಕ್ಷೆ ಹೇಗಿರುತ್ತದೆ?

ಹೆಸರು ಕೇಳಿ ಹೆದರುವವರೇ ಜಾಸ್ತಿ, ನಡೆಯುವುದು ಮಾತ್ರ ಇಷ್ಟೇ. ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸುತ್ತಾರೆ. ನೀವು ಕುತ್ತಿಗೆ ಬಳಸಿ ಹಿಡಿದು ಮಾತಾಡಿಸುತ್ತಿರಬೇಕು. ಕಚ್ಚುವ ಸ್ವಭಾವವಿದ್ದರೆ ಮೊದಲೇ ಹೇಳಿ, ಬಾಯಿಗೆ ಪಟ್ಟಿ ಕಟ್ಟುತ್ತಾರೆ. ಸ್ಪಿರಿಟ್ ಹತ್ತಿಯಿಂದ ಒರೆಸಿ, ಲಸಿಕೆ ಹಾಕುವಷ್ಟೇ ತೆಳ್ಳಗಿನ ಸೂಜಿಯನ್ನು ಗಂಟಿನೊಳಗೆ ತೂರಿಸಿ, ಒಳಗೇ ಹಿಂದೆ ಮುಂದೆ ಒಂದೆರಡು ಸಲ ಆಡಿಸಿ ಹೊರತೆಗೆಯುತ್ತಾರೆ. ಅರಿವಳಿಕೆ ಬೇಕಾಗುವುದಿಲ್ಲ. ಸಿರಿಂಜ್‌ನಲ್ಲಿ ಗಾಳಿ ತುಂಬಿ ಒತ್ತಿದಾಗ ಸೂಜಿಯಲ್ಲಿದ್ದ ಒಂದು ಹನಿ ಗಾಜಿನ ಮೇಲೆ ಬೀಳುತ್ತದೆ. ಇನ್ನೊಂದು ಗಾಜಿನಿಂದ ಅದನ್ನು ತೆಳ್ಳಗೆ ಹರಡುತ್ತಾರೆ.

ಆ ಗಾಜನ್ನು ನೀವೂ ನೋಡಿ. ಎಣ್ಣೆ ಹನಿಗಳು ಮಿನುಗುತ್ತಾ, ಎಷ್ಟು ಹೊತ್ತಾದರೂ ಒಣಗದೆ ಉಳಿದರೆ ಅದು ಕೊಬ್ಬು. ಬೂದು ಬಣ್ಣದ ಮೆತ್ತನೆ ಹಿಟ್ಟಿನಂಥದ್ದು ಬಂದರೆ ಚರ್ಮದ ಎಣ್ಣೆಗ್ರಂಥಿ ಕಟ್ಟಿಕೊಂಡ ಚೀಲ ಇರಬಹುದು. ಕೀವು ಬಂದರೆ ಬಾವು. ಕೆಲವೊಮ್ಮೆ ಚರ್ಮದಡಿಯ ಗಂಟಿನಿಂದ ಸೊಳ್ಳೆ ಹರಡುವ ಡೈರೋಫೈಲೇರಿಯಾ ಎಂಬ ದಾರದಂಥ ಹುಳವೂ ಸಿಗುತ್ತದೆ. ಇವೆಲ್ಲ ಸುಳಿವು ಮಾತ್ರ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಡಾಕ್ಟರು ಹೇಳುವುದು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತದೆ ಅನ್ನುವ ಹೆದರಿಕೆ ಬಹಳ ಜನಕ್ಕಿದೆ. ಚರ್ಮದ ಗಂಟುಗಳ ಮಟ್ಟಿಗೆ ಆ ಭಯಕ್ಕೆ ಪರೀಕ್ಷೆ ಬಿಡಬೇಡಿ. ಪರೀಕ್ಷೆ ಮಾಡದೆ ಬಿಟ್ಟ ಗಂಟು ಹರಡುವ ಅಪಾಯವೇ ಜಾಸ್ತಿ.

ಕೆಲವೊಮ್ಮೆ ಬರೀ ರಕ್ತ ಬಂದು ಏನೂ ಗೊತ್ತಾಗುವುದಿಲ್ಲ. ಆಗ ಮತ್ತೊಮ್ಮೆ ಸೂಜಿ, ಇಲ್ಲವೇ ಸಣ್ಣ ತುಂಡು ಕತ್ತರಿಸಿ ಬಯಾಪ್ಸಿ. "ಏನೂ ಸಿಗಲಿಲ್ಲ" ಅನ್ನುವುದನ್ನು "ಏನೂ ಇಲ್ಲ" ಅಂತ ತಿಳಿಯಬೇಡಿ.

ಎಲ್ಲಿ ಮಾಡಿಸುವುದು? ಊರಿನ ಪಶು ಚಿಕಿತ್ಸಾಲಯದಿಂದಲೇ ಶುರು ಮಾಡಿ. ಅಲ್ಲಿ ದನ ಕರುವಿನ ಕೆಲಸವೇ ಹೆಚ್ಚು, ಸ್ಲೈಡ್ ನೋಡುವ ಅನುಕೂಲ ಇಲ್ಲದಿರಬಹುದು. ಸ್ಲೈಡ್ ಮಾಡಿ ಬೇರೆ ಕಡೆ ಕಳಿಸಲು ಆಗುತ್ತದಾ ಅಂತ ಕೇಳಿ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಪಾಠದ ಜೊತೆ ಚಿಕಿತ್ಸೆಯೂ ನಡೆಯುವ ಜಾಗ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಹೊರಡುವವರು ಮೊದಲು ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಆಗುಂಬೆ ಮಳೆಯಲ್ಲಿ ನಾಯಿ ಕರೆದುಕೊಂಡು ಬಂದು ರಜೆ ಬೋರ್ಡ್ ನೋಡಿ ವಾಪಸ್ ಹೋಗುವುದು ಯಾರಿಗೆ ಬೇಕು. ಅವತ್ತೇ ಆಪರೇಷನ್ ಆಗಬಹುದು ಅನ್ನಿಸಿದರೆ ಬೆಳಿಗ್ಗೆ ಊಟ ಹಾಕಬೇಕಾ ಬೇಡವಾ ಅಂತಲೂ ಕೇಳಿ. ಪಶು ಚಿಕಿತ್ಸೆಯ ಸಹಾಯವಾಣಿ 1962.

ಉತ್ತರ ಬಂದ ಮೇಲೆ

ಕೊಬ್ಬಿನ ಗಂಟು, ಅಂದರೆ ಲಿಪೋಮಾ, ವಯಸ್ಸಾದ ದಪ್ಪ ನಾಯಿಗಳಲ್ಲಿ ತೀರಾ ಸಾಮಾನ್ಯ. ನಡೆಯಲು ತೊಡಕಾಗದಿದ್ದರೆ ಹಾಗೇ ಬಿಡಬಹುದು. ಹನ್ನೆರಡು ವರ್ಷದ ನಾಯಿಗೆ ಬರೀ ನೋಟಕ್ಕೆ ಚೆನ್ನಾಗಿಲ್ಲ ಅಂತ ಅರಿವಳಿಕೆ ಕೊಡಿಸುವುದು ನನಗೆ ಸರಿ ಕಾಣುವುದಿಲ್ಲ. ಮೂರು ವರ್ಷದೊಳಗಿನ ನಾಯಿಗೆ ಕೆಂಪಗೆ, ಗುಂಡಗೆ ಬರುವ ಹಿಸ್ಟಿಯೋಸೈಟೋಮಾ ಎರಡು ಮೂರು ತಿಂಗಳಲ್ಲಿ ಬಹಳ ಸಲ ತಾನೇ ಹೋಗುತ್ತದೆ. ಮರಿಗಳ ಬಾಯಲ್ಲಿ ಬರುವ ನರೂಲಿಯೂ ಹಾಗೆಯೇ, ವೈರಸ್‌ನಿಂದ ಬಂದದ್ದು, ಬೇರೆ ಮರಿಗಳಿಗೆ ಅಂಟುತ್ತದೆ.

ಊರು ಸುತ್ತುವ ನಾಯಿಗಳಲ್ಲಿ ಜನನಾಂಗದ ಹತ್ತಿರ ಹೂಕೋಸಿನ ಹಾಗೆ ಬೆಳೆದು ಹನಿ ಹನಿ ರಕ್ತ ಸೋರುವ ಗಡ್ಡೆ ಕಾಣುತ್ತದೆ. ಬೆದೆಯ ರಕ್ತ ಅಂತ ತಿಳಿದು ತಿಂಗಳುಗಟ್ಟಲೆ ಬಿಟ್ಟಿರುತ್ತಾರೆ. ಕೂಡುವಾಗ, ನೆಕ್ಕುವಾಗ, ಮೂಸುವಾಗ ಒಂದು ನಾಯಿಯಿಂದ ಇನ್ನೊಂದಕ್ಕೆ ಕ್ಯಾನ್ಸರ್ ಕೋಶವೇ ದಾಟಿ ಬರುವ ವಿಚಿತ್ರ ಕಾಯಿಲೆ ಇದು. ಮೂಗಿನ ಮೇಲೂ ಬರಬಹುದು. ನೋಡಲು ಭಯಂಕರ. ಆದರೆ ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೆಲವು ವಾರ ಕೊಟ್ಟರೆ ಹೆಚ್ಚಿನ ನಾಯಿಗಳು ಪೂರ್ತಿ ಗುಣವಾಗುತ್ತವೆ. ಅರ್ಧಕ್ಕೆ ನಿಲ್ಲಿಸಬಾರದು, ಅಷ್ಟೇ.

ಮೊಲೆಯ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಕೆಟ್ಟವು. ಮೊದಲ ಬೆದೆಗೆ ಮುಂಚೆ ಸಂತಾನಹರಣ ಆದ ಹೆಣ್ಣು ನಾಯಿಗೆ ಇದು ಬರುವುದು ಬಹಳ ಅಪರೂಪ. ಬೆದೆ ಬರದಿರಲಿ ಅಂತ ಹಾರ್ಮೋನ್ ಇಂಜೆಕ್ಷನ್ ಹಾಕಿಸುತ್ತಾ ಬಂದ ನಾಯಿಗೆ ಅಪಾಯ ಜಾಸ್ತಿ, ಅಂಥದ್ದೇನಾದರೂ ಹಾಕಿಸಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ.

ಆಪರೇಷನ್ ಅಂದರೆ

ಮಲೆನಾಡಿನ ನಾಯಿಗೆ ಆಪರೇಷನ್‌ಗೆ ಮುಂಚೆ ರಕ್ತಪರೀಕ್ಷೆ ಬಿಡಲೇಬಾರದು. ಉಣುಗಿನಿಂದ ಬರುವ ಎರ್ಲಿಕಿಯಾ ಸೋಂಕು ಮೇಲ್ನೋಟಕ್ಕೆ ಏನೂ ತೋರಿಸದೆ ಒಳಗಿಂದ ಪ್ಲೇಟ್ಲೆಟ್ ಇಳಿಸಿರುತ್ತದೆ. ಮೇಜಿನ ಮೇಲೆ ಹಾಕಿದಾಗ ರಕ್ತ ನಿಲ್ಲುವುದಿಲ್ಲ. ಪ್ಲೇಟ್ಲೆಟ್ ಕಡಿಮೆಯಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ಗಂಟು. ಕ್ಯಾನ್ಸರ್ ಅಂತ ಗೊತ್ತಾಗಿದ್ದರೆ ಶ್ವಾಸಕೋಶಕ್ಕೆ ಹರಡಿದೆಯಾ ಅಂತ ಎದೆಯ ಎಕ್ಸ್‌ರೇ ಕೂಡ ಬೇಕು.

ಗಂಟು ಯಾವುದೆಂದು ಮೊದಲೇ ಗೊತ್ತಿದ್ದರೆ ಸುತ್ತ ಎಷ್ಟು ಒಳ್ಳೆಯ ಭಾಗ ಸೇರಿಸಿ ತೆಗೆಯಬೇಕು ಅನ್ನುವುದು ಡಾಕ್ಟರಿಗೆ ತಿಳಿಯುತ್ತದೆ. ಏನೆಂದು ತಿಳಿಯದೆ ಅಂಚಿನವರೆಗೆ ಮಾತ್ರ ಕೆತ್ತಿ ತೆಗೆದರೆ ಅದೇ ಜಾಗದಲ್ಲಿ ಮತ್ತೆ ಬರುತ್ತದೆ, ಎರಡನೇ ಆಪರೇಷನ್ ಮೊದಲಿನದ್ದಕ್ಕಿಂತ ಕಷ್ಟ. ತೆಗೆದ ಗಂಟನ್ನು ಬಿಸಾಡಲು ಬಿಡಬೇಡಿ. ಫಾರ್ಮಲಿನ್‌ನಲ್ಲಿ ಹಾಕಿ ಹಿಸ್ಟೋಪೆಥಾಲಜಿಗೆ, ಅಂದರೆ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ, ಕಳಿಸಲು ಹೇಳಿ. ಅಂಚುಗಳಲ್ಲಿ ಕ್ಯಾನ್ಸರ್ ಉಳಿದಿದೆಯಾ ಇಲ್ಲವಾ ಅನ್ನುವುದು ಆ ವರದಿಯಲ್ಲಿ ಮಾತ್ರ ಗೊತ್ತಾಗುತ್ತದೆ.

ಹೊಲಿಗೆ ಬಿಚ್ಚುವವರೆಗೆ, ಸಾಮಾನ್ಯವಾಗಿ 10ರಿಂದ 14 ದಿನ, ನಾಯಿ ಕೊಟ್ಟಿಗೆಯಲ್ಲಲ್ಲ, ಮನೆಯೊಳಗೆ ಒಣಗಿದ ಜಾಗದಲ್ಲಿ ಮಲಗಲಿ. ಕುತ್ತಿಗೆಯ ಪ್ಲಾಸ್ಟಿಕ್ ಕಾಲರ್ ಪಾಪ ಅಂತ ತೆಗೆಯಬೇಡಿ, ಐದು ನಿಮಿಷದಲ್ಲಿ ಹೊಲಿಗೆ ಕಿತ್ತಿರುತ್ತದೆ. ಗಾಯವನ್ನು ದಿನಕ್ಕೆರಡು ಸಲ ಟಾರ್ಚ್ ಹಾಕಿ ನೋಡಿ. ವಾಸನೆ ಬಂದರೆ, ಸಣ್ಣ ತೂತು ಕಂಡರೆ, ನೊಣ ಮುತ್ತುತ್ತಿದ್ದರೆ ಹುಳ ಬಿದ್ದಿದೆ ಅಂತಲೇ ತಿಳಿದು ಅವತ್ತೇ ಹೋಗಿ.

ಒಂದು ಹಾಳೆಯ ಮೇಲೆ ನಾಯಿಯ ಚಿತ್ರ ಗೀಚಿ, ಪರೀಕ್ಷೆ ಆದ ಗಂಟುಗಳನ್ನು ತಾರೀಖು, ಅಳತೆ, ಉತ್ತರದ ಸಮೇತ ಗುರುತು ಹಾಕಿ ಲಸಿಕೆ ಪುಸ್ತಕದೊಳಗೆ ಇಡಿ. ಮೊದಲನೆಯದು ಕೊಬ್ಬಿನ ಗಂಟು ಅಂತ ಬಂದಿದ್ದರೆ ಅದರ ಪಕ್ಕದಲ್ಲೇ ಎದ್ದ ಎರಡನೆಯದೂ ಕೊಬ್ಬೇ ಆಗಿರಬೇಕು ಅಂತೇನಿಲ್ಲ. ಅದಕ್ಕೂ ಬೇರೆ ಸೂಜಿ ಹಾಕಿಸಬೇಕು.